ಸೇತುವೆ ಅಲುಗಾಡಿದರೆ ‘ಅದು ಹಾಗೇ ಇರೋದು’ ಅನ್ನುವವರನ್ನು ನಂಬಬೇಡಿ

ನಾನು ಸದಾಶಿವಗಡದವನು. ಕೆಲಸ ಕಾರವಾರದಲ್ಲಿ. ಬೆಳಿಗ್ಗೆ ಹೋಗುವಾಗ ಕಾಳಿ ನದಿಯ ಹಳೇ ಸೇತುವೆ, ಸಂಜೆ ಬರುವಾಗ ಪಕ್ಕದ ಹೊಸ ಸೇತುವೆ. ಬೆಳಿಗ್ಗೆ ಬೈಕಿನ ಹಿಂದೆ ಮಗಳು ಇರುತ್ತಿದ್ದಳು, ಶಾಲೆಗೆ.

ಆ ಹಳೇ ಸೇತುವೆಯೇ 2024ರ ಆಗಸ್ಟ್ 7ರಂದು, ನಡುರಾತ್ರಿ ಕಳೆದು ಸುಮಾರು ಒಂದು ಗಂಟೆಗೆ ಕುಸಿದು ನದಿಗೆ ಬಿತ್ತು. ಗೋವಾ ಕಡೆಯಿಂದ ಬರುತ್ತಿದ್ದ ಲಾರಿಯೂ ಜೊತೆಗೇ ಬಿತ್ತು. ಚಾಲಕನನ್ನು ಪೊಲೀಸರು, ಮೀನುಗಾರರು ಸೇರಿ ದಡಕ್ಕೆ ತಂದರು. ಜೀವ ಉಳಿಯಿತು. ಬೆಳಿಗ್ಗೆ ಎಂಟೂವರೆಗೆ ಬಿದ್ದಿದ್ದರೆ? ಶಾಲೆ ಮಕ್ಕಳು, ಬಸ್ಸು, ಮೀನಿನ ಬುಟ್ಟಿ ಹೊತ್ತ ಹೆಂಗಸರು. ನಾನು, ನನ್ನ ಮಗಳು.

ಇದನ್ನು ಬರೆಯೋಕೆ ಕಾರಣ ಬೇರೆ. ನನಗೆ ಮೊದಲೇ ಅನುಮಾನ ಬಂದಿತ್ತು. ಜೂನ್ ತಿಂಗಳಲ್ಲಿ ಸೇತುವೆಯ ಒಂದು ಜಾಯಿಂಟ್ ಹತ್ತಿರ ಬೈಕು ಎತ್ತಿ ಹಾಕಿದ ಹಾಗಾಗುತ್ತಿತ್ತು. ದೊಡ್ಡ ಲಾರಿ ಪಕ್ಕದಲ್ಲಿ ಹೋದರೆ ಕಾಲಡಿ ನಡುಗುವುದು ಗೊತ್ತಾಗುತ್ತಿತ್ತು. ಒಂದು ದಿನ ಅಲ್ಲೇ ರಸ್ತೆ ಕೆಲಸ ನೋಡಿಕೊಳ್ಳುತ್ತಿದ್ದವರ ಹತ್ತಿರ ಬೈಕ್ ನಿಲ್ಲಿಸಿ ಕೇಳಿದೆ. ಅವರು ನಕ್ಕರು. “ಸೇತುವೆ ಅಂದ್ಮೇಲೆ ಅಲುಗಾಡ್ಲೇಬೇಕು ಸಾರ್. ಅಲುಗಾಡದಿದ್ರೆ ಮುರಿಯತ್ತೆ. ನೀವು ಸುಮ್ನೆ ಹೆದರ್ಬೇಡಿ.”

ಇದು ಅರ್ಧ ನಿಜ. ಸೇತುವೆ ಸ್ವಲ್ಪ ಅಲುಗಾಡುತ್ತದೆ, ಜಾಯಿಂಟ್ ಇಡುವುದೇ ಅದಕ್ಕೆ. ಆ ಅರ್ಧ ನಿಜಕ್ಕೇ ನಾನು ಮೋಸ ಹೋದೆ. “ಕೊನೇ ಸಲ ಚೆಕ್ ಮಾಡಿದ್ದು ಯಾವಾಗ?” ಅಂತ ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ. ಅಷ್ಟೇ ಅಲ್ಲ, ಮನೆಗೆ ಬಂದು ಹೆಂಡತಿಗೂ ಅದನ್ನೇ ಹೇಳಿದೆ. ಪಕ್ಕದ ಮನೆಯವರು ಕೇಳಿದಾಗಲೂ ಅದನ್ನೇ ಹೇಳಿದೆ. ನಾಚಿಕೆಯಾಗುವುದು ಇದಕ್ಕೆ. ಅವರ ಮಾತನ್ನು ಊರಿಗೆಲ್ಲ ಹಂಚಿದವನು ನಾನೇ.

ಸೇತುವೆ ಬಿದ್ದ ಮೇಲೆ ಅದೇ ಮನುಷ್ಯನಿಗೆ ಫೋನ್ ಮಾಡಿದೆ. “ನಾನು ಹಾಗೆ ಹೇಳೇ ಇಲ್ಲ” ಅಂದರು. ಜಾಗ, ದಿನ ಎಲ್ಲ ನೆನಪು ಮಾಡಿದೆ. “ಬರೆದು ಕೊಟ್ಟಿದ್ರಾ? ಕಂಪ್ಲೇಂಟ್ ನಂಬರ್ ಇದ್ಯಾ?” ಇರಲಿಲ್ಲ. “ಮತ್ತೆ? ಹಳೇ ಸೇತುವೆ ಸಾರ್, ನಲವತ್ತು ವರ್ಷ ಆಗಿತ್ತು.” ಜೂನ್‌ನಲ್ಲಿ ಅದು ಗಟ್ಟಿಯಾಗಿತ್ತು. ಆಗಸ್ಟ್‌ನಲ್ಲಿ ಹಳೇದಾಯಿತು! ಕೈ ನಡುಗುತ್ತಿತ್ತು ನನಗೆ, ಫೋನ್ ಇಟ್ಟುಬಿಟ್ಟೆ.

ಇದೇ ಹೆದ್ದಾರಿ 66ರಲ್ಲಿ, ಅಂಕೋಲಾದ ಶಿರೂರಿನಲ್ಲಿ, ಜುಲೈ 16ರಂದು ಗುಡ್ಡ ಕುಸಿದು ಜನ ಸತ್ತಿದ್ದರು. ಆಮೇಲೆ ಮೂರು ವಾರಕ್ಕೆ ಇದು. ಗುಡ್ಡ ಕುಸಿದ ಮೇಲೂ, ಸೇತುವೆ ಬೀಳುವವರೆಗೆ, ನಾನು ಮಗಳನ್ನು ಕೂರಿಸಿಕೊಂಡು ಅದರ ಮೇಲೆ ಹೋಗುತ್ತಿದ್ದೆ.

ನಿಮ್ಮೂರ ಸೇತುವೆಯಲ್ಲಿ ಏನಾದರೂ ಕಂಡರೆ ರಸ್ತೆ ಬದಿ ನಿಂತವರನ್ನು ಕೇಳಬೇಡಿ. ಫೋಟೋ ತೆಗೆಯಿರಿ. ರಾಷ್ಟ್ರೀಯ ಹೆದ್ದಾರಿಯಾದರೆ 1033ಕ್ಕೆ ಫೋನ್ ಮಾಡಿ, ದೂರಿನ ನಂಬರ್ ಬರೆದಿಟ್ಟುಕೊಳ್ಳಿ. ಕಚೇರಿಗೆ ಅರ್ಜಿ ಕೊಟ್ಟರೆ ಸೀಲ್ ಹಾಕಿಸಿಕೊಳ್ಳದೆ ಬರಬೇಡಿ. ಕೊನೇ ತಪಾಸಣೆಯ ವರದಿಯನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ. ಬಾಯಿ ಮಾತು ಬೇಡ, ಬೇಡವೇ ಬೇಡ.

ಈಗ ಹೋಗುವುದೂ ಬರುವುದೂ ಹೊಸ ಸೇತುವೆಯಲ್ಲೇ. ಮಗಳು ನದಿ ಮೇಲೆ ಬಂದ ಕೂಡಲೇ ನನ್ನ ಅಂಗಿ ಹಿಡಿದುಕೊಳ್ಳುತ್ತಾಳೆ, ಆ ದಡ ಸಿಗುವವರೆಗೂ ಬಿಡುವುದಿಲ್ಲ. ಏನೂ ಆಗಲ್ಲ ಪುಟ್ಟಾ ಅನ್ನೋಕೆ ನನಗೆ ಬಾಯಿ ಬರುತ್ತಿಲ್ಲ.