ಲಿಥಿಯಂ ನಯೋಬೇಟ್ ಜೊತೆ ಕ್ಯುಬಿಟ್: ಯಾವ ಚಿಪ್ ಒಳ್ಳೆಯದು?

ಕ್ಯುಬಿಟ್‌ನಿಂದ (ಕ್ವಾಂಟಮ್ ಕಂಪ್ಯೂಟರಿನ ಮೂಲ ಘಟಕವಾದ ಸರ್ಕ್ಯೂಟ್) ಶಬ್ದದ ಅಲೆ ಎಬ್ಬಿಸಬೇಕಾದರೆ ಸಾಮಾನ್ಯವಾಗಿ ಪೀಜೋಎಲೆಕ್ಟ್ರಿಕ್ ವಸ್ತು, ಅಂದರೆ ವಿದ್ಯುತ್ ಕೊಟ್ಟರೆ ಹಿಗ್ಗಿ ಕುಗ್ಗುವ ವಸ್ತು ಬೇಕು. ತೊಂದರೆ ಅಂದರೆ, ಅದು ಬೇಡದ ಕಡೆಯೂ ಸರ್ಕ್ಯೂಟಿನ ಶಕ್ತಿಯನ್ನು ಶಬ್ದವಾಗಿಸಿ ಹರಳಿನೊಳಕ್ಕೆ ಸಾಗಿಸಿಬಿಡುತ್ತದೆ. ಬೇರೆ ಬೇರೆ ಚಿಪ್‌ಗಳ ಮೇಲೆ ಅಲ್ಯೂಮಿನಿಯಂ ರೆಸೊನೇಟರ್ (ಒಂದು ನಿರ್ದಿಷ್ಟ ಆವರ್ತನದಲ್ಲಿ ಅನುರಣಿಸುವ ಸರ್ಕ್ಯೂಟ್) ಮಾಡಿ, 10 ಮಿಲಿಕೆಲ್ವಿನ್ ಆಸುಪಾಸಿನ ಅತಿ ಚಳಿಯಲ್ಲಿ ಅಳೆದು ಹೋಲಿಸಿದ್ದೇನೆ.

ಮೊದಲು ಪ್ರಬಲ ಪೀಜೋ ಹರಳಾದ ಲಿಥಿಯಂ ನಯೋಬೇಟ್‌ನ ಇಡೀ ವೇಫರ್ (ತೆಳು ಬಿಲ್ಲೆ). ಮಾಡುವುದು ಸುಲಭ, ಆದರೆ ಅಳತೆ ನೋಡಿದರೆ ಬೇಜಾರಾಗುತ್ತದೆ. ಪೀಜೋ ಗುಣವಿಲ್ಲದ ಸಫೈರ್ ಮೇಲೆ ಲಕ್ಷಗಟ್ಟಲೆ ಬರುವ ಕ್ಯೂ (ರೆಸೊನೇಟರ್ ಶಕ್ತಿಯನ್ನು ಎಷ್ಟು ಚೆನ್ನಾಗಿ ಹಿಡಿದಿಡುತ್ತದೆ ಎಂಬ ಅಳತೆ) ಇಲ್ಲಿ ಸಾವಿರಗಳಿಗೆ ಇಳಿಯುತ್ತದೆ. ಕಾರಣ ತಿಳಿಯಬೇಕಾದರೆ ನೆಟ್‌ವರ್ಕ್ ಅನಲೈಸರ್ ಪರದೆಯ ಮೇಲೆ ರೆಸೊನೇಟರ್‌ನ ಕುಳಿಯನ್ನು, ಅಂದರೆ ಅದರ ಆವರ್ತನದಲ್ಲಿ ಗೆರೆ ಕೆಳಗಿಳಿಯುವ ಜಾಗವನ್ನು, ಗಮನಿಸಿ; ಕುಳಿ ಕಿರಿದಾದಷ್ಟೂ ಕ್ಯೂ ಹೆಚ್ಚು. ಸಫೈರ್‌ನಲ್ಲಿ ಪವರ್ ಏರಿಸಿದಂತೆ ಕುಳಿ ಕಿರಿದಾಗುತ್ತದೆ. ಅಲ್ಲಿ ಶಕ್ತಿ ನುಂಗುವುದು ಆಕ್ಸೈಡ್ ಪದರದ ಟೂ-ಲೆವೆಲ್ ದೋಷಗಳು, ಪವರ್ ಹೆಚ್ಚಾದರೆ ಅವಕ್ಕೆ ಹೊಟ್ಟೆ ತುಂಬಿ ಇನ್ನಷ್ಟು ನುಂಗಲಾರವು. ನಯೋಬೇಟ್ ಮೇಲೆ ಎಷ್ಟು ಪವರ್ ಕೊಟ್ಟರೂ ಕುಳಿ ಹೆಚ್ಚುಕಡಿಮೆ ಅಷ್ಟೇ ಅಗಲ. ಹರಳಿನೊಳಕ್ಕೆ ಹೊರಟ ಅಲೆಗೆ ಅಂಥ ಮಿತಿ ಇಲ್ಲ. 5 ಗಿಗಾಹರ್ಟ್ಸ್‌ನಲ್ಲಿ ಮೇಲ್ಮೈ ಅಲೆಯ ಉದ್ದ 1 ಮೈಕ್ರಾನ್‌ಗಿಂತ ಕಡಿಮೆ. ಲೋಹದ ಅಂಚಿನಲ್ಲಿ ವಿದ್ಯುತ್ ಕ್ಷೇತ್ರ ಜಾಸ್ತಿ ಇರುವ ಕಡೆಯಿಂದ ಅದು ಹೊರಡುತ್ತದೆ. ರೆಸೊನೇಟರನ್ನು ಹರಳಿನ ಅಕ್ಷಕ್ಕೆ ತಕ್ಕಂತೆ ತಿರುಗಿಸಿದರೆ ಕ್ಯೂ ಬದಲಾಗುತ್ತದೆ ನಿಜ, ಆದರೆ ಅದು ಸಾಲದು. ಹಾಟ್‌ಪ್ಲೇಟ್ ಮೇಲೂ ಹುಷಾರಾಗಿರಬೇಕು: ಒಮ್ಮೆಲೇ ಬಿಸಿ ಮಾಡಿದರೆ ಚಾರ್ಜ್ ಕಟ್ಟಿ ವೇಫರ್ ಬಿರುಕು ಬಿಡಬಹುದು.

ಗ್ಯಾಲಿಯಂ ಆರ್ಸೆನೈಡ್‌ನಲ್ಲಿ ಪೀಜೋ ಗುಣ ಬಹಳ ಕಡಿಮೆ, ಸೋರಿಕೆಯೂ ಕಡಿಮೆ. ಸ್ವೀಡನ್‌ನ ಚಾಲ್ಮರ್ಸ್ ತಂಡ 2014ರಲ್ಲಿ ಕೃತಕ ಪರಮಾಣುವನ್ನು (ಅದೂ ಕ್ಯುಬಿಟ್ಟೇ) ಶಬ್ದದ ಅಲೆಗೆ ಜೋಡಿಸಿದ್ದು ಅದರ ಮೇಲೆಯೇ. ಆದರೆ ನಮಗೆ ಬೇಕಾದ ಜೋಡಣೆಯೂ ಸಡಿಲವಾಗುತ್ತದಲ್ವಾ?

ಸಿಲಿಕಾನ್ ಮೇಲೆ ನಯೋಬೇಟ್‌ನ ತೆಳು ಪದರ ಕೂರಿಸಿ, ಬೇಕಾದ ಜಾಗ ಬಿಟ್ಟು ಉಳಿದದ್ದನ್ನು ಎಚ್ ಮಾಡಿ (ಕೊರೆದು) ತೆಗೆಯುವುದು ಇದಕ್ಕಿಂತ ವಾಸಿ. ಪವರ್‌ಗೆ ತಕ್ಕಂತೆ ಕ್ಯೂ ಮತ್ತೆ ಬದಲಾಗಲು ಶುರುವಾಗುತ್ತದೆ, ಅಂದರೆ ಶಬ್ದದ ಸೋರಿಕೆ ತಗ್ಗಿದೆ. ಎಚ್ಚಿಂಗ್‌ನಿಂದ ಸಿಲಿಕಾನ್ ಮೇಲ್ಮೈ ಒರಟಾದರೆ ಮಾತ್ರ ದೋಷಗಳ ಕಾಟ ಬೇರೆ.

ನನ್ನ ಓಟು ಫ್ಲಿಪ್-ಚಿಪ್‌ಗೆ. ಕ್ಯುಬಿಟ್ ಸಫೈರ್ ಮೇಲೆ, ಶಬ್ದದ ಭಾಗ ನಯೋಬೇಟ್ ಮೇಲೆ, ಎರಡನ್ನೂ ಎದುರುಬದುರು ಮಗುಚಿ ಇಡುವುದು. ಷಿಕಾಗೋ ವಿಶ್ವವಿದ್ಯಾಲಯದ ತಂಡ 2018ರಲ್ಲಿ ಮಾಡಿದ್ದು ಹೀಗೇ. ಜೋಡಣೆ ಇಂಡಕ್ಟರ್‌ಗಳ (ಕಾಂತಕ್ಷೇತ್ರದಿಂದ ಒಂದಕ್ಕೊಂದು ತಾಗುವ ಸುರುಳಿಗಳ) ಮೂಲಕ, ಮಧ್ಯೆ ತಂತಿ ಬೇಕಿಲ್ಲ. ಎರಡನ್ನೂ ಸರಿಯಾಗಿ ಹೊಂದಿಸಲು ತಾಳ್ಮೆ ಬೇಕು. ಡಿಸೈನ್ ಮಾಡುವಾಗಲೇ ಕ್ಯುಬಿಟ್‌ನ ಪ್ಯಾಡ್‌ಗಳು ನಯೋಬೇಟ್ ಚಿಪ್‌ನ ನೆರಳಿನಿಂದ ಆಚೆ ಇರುವಂತೆ ನೋಡಿಕೊಳ್ಳಿ. ಇಲ್ಲದಿದ್ದರೆ ಕ್ಷೇತ್ರ ಸಣ್ಣ ಸಂದಿಯನ್ನೂ ದಾಟಿ ನಯೋಬೇಟ್‌ಗೆ ತಲುಪುತ್ತದೆ.