ಕಾರ್ಖಾನೆ ಕಾವಲಿನ ಜರ್ಮನ್ ಹೆಲ್ಮೆಟ್: ಎಂ-34 ಮತ್ತು ಗ್ಲಾಡಿಯೇಟರ್

ಎರಡನೇ ಮಹಾಯುದ್ಧದ ಕಾಲದ ಜರ್ಮನ್ ಕಾರ್ಖಾನೆ ಕಾವಲಿನ ಹೆಲ್ಮೆಟ್‌ಗಳನ್ನು ಸಂಗ್ರಹಿಸಲು ಹೊರಡುವವರಿಗೆ ನಾನು ಮೂರು ತುಂಡುಗಳನ್ನು ಜೋಡಿಸಿ ಮಾಡಿದ ‘ಗ್ಲಾಡಿಯೇಟರ್’ ಹೆಲ್ಮೆಟನ್ನೇ ಸೂಚಿಸುತ್ತೇನೆ. ನೋಡಲು ಎಂ-34 ಎಂಬ ಇನ್ನೊಂದು ಮಾದರಿ ಹೆಚ್ಚು ಚೆಂದವೆಂಬುದು ನಿಜ. ನಾನು ಹಣ ಕಳೆದುಕೊಂಡದ್ದೂ ಅದರಲ್ಲೇ.

ಜರ್ಮನಿಯ ಎಸ್ಸೆನ್ ನಗರದ ಸಮೀಪದ ಹಳೆಯ ವಸ್ತುಗಳ ಸಂತೆಯೊಂದರಲ್ಲಿ 240 ಯೂರೋ ಕೊಟ್ಟು ಎಂ-34 ಒಂದನ್ನು ತಂದೆ. ಅದರ ಬದಿಯ ಮೇಲಿದ್ದ ಡೆಕಾಲ್ (ಅಂಟಿಸಿದ ಲಾಂಛನದ ಚಿತ್ರ) ‘ವೆರ್ಕ್‌ಶುಟ್ಸ್’ ಎಂಬ ಕಾರ್ಖಾನೆ ಕಾವಲು ದಳದ್ದೆಂದು ಮಾರಾಟಗಾರ ಹೇಳಿದ್ದ. ಇದೇ ಮಾದರಿಯನ್ನು ಪೊಲೀಸರೂ ಅಗ್ನಿಶಾಮಕರೂ ಧರಿಸುತ್ತಿದ್ದುದರಿಂದ, ಡೆಕಾಲ್ ಇಲ್ಲದಿದ್ದರೆ ಅದು ಕಾರ್ಖಾನೆಯದೆಂದು ಹೇಳಲು ಬೇರೆ ಆಧಾರವೇ ಇರುವುದಿಲ್ಲ. ಬೆಲೆಯೆಲ್ಲ ನಿಂತಿರುವುದು ಆ ತೆಳುವಾದ ಪದರದ ಮೇಲೆ.

ಮನೆಯಲ್ಲಿ ಭೂತಗನ್ನಡಿ ಹಿಡಿದು ನೋಡಿದಾಗ, ಬಣ್ಣದ ಮೇಲಿನ ಉದ್ದನೆಯ ಗೀರೊಂದು ಡೆಕಾಲಿನ ಅಂಚಿನವರೆಗೆ ಬಂದು, ಅದರ ಅಡಿಯಲ್ಲಿ ಹಾದು, ಇನ್ನೊಂದು ಬದಿಯಲ್ಲಿ ಮತ್ತೆ ಕಾಣಿಸಿತು. ತುಕ್ಕು ತಿಂದ ಒಂದು ಗುಳಿಯೊಳಗೆ ಆ ಪದರ ಹರಿಯದೆ ಇಳಿದು ಕೂತಿತ್ತು. ಗೀರೂ ತುಕ್ಕೂ ಮೊದಲು ಬಂದು ಲಾಂಛನ ಆಮೇಲೆ ಅಂಟಿದೆ ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು?

ನನಗೆ ಹಣಕ್ಕಿಂತ ಹೆಚ್ಚು ನೋವಾದದ್ದು ಈ ಸುಳ್ಳು ಗುರುತಿಗೆ. ಅದೇ ಎಸ್ಸೆನ್ನಿನ ಕ್ರುಪ್ ಎಂಬ ಉಕ್ಕು ಮತ್ತು ಶಸ್ತ್ರಾಸ್ತ್ರ ಕಾರ್ಖಾನೆಯ ಕಾವಲು ದಳ ಬಲವಂತದ ಕಾರ್ಮಿಕರನ್ನು ಹಿಂಸಿಸಿದ ಸಂಗತಿ 1947-48ರ ನ್ಯೂರೆಂಬರ್ಗ್ ಯುದ್ಧಾಪರಾಧ ವಿಚಾರಣೆಯಲ್ಲಿ ದಾಖಲಾಗಿದೆ. ಅಂಥ ಇತಿಹಾಸವುಳ್ಳ ವಸ್ತುವಿಗೆ ಹುಸಿ ಗುರುತು ಅಂಟಿಸುವುದು ಆ ಕಾರ್ಮಿಕರಿಗೂ ಮಾಡಿದ ಅನ್ಯಾಯ.

ಗ್ಲಾಡಿಯೇಟರ್ ವಾಯುದಾಳಿ ರಕ್ಷಣೆಗಾಗಿ ತಯಾರಾದದ್ದು. ಕಾರ್ಖಾನೆಗಳ ವಾಯುರಕ್ಷಣಾ ದಳಗಳೂ ಅದನ್ನು ಧರಿಸುತ್ತಿದ್ದವು. ಬೇಕಾದಷ್ಟು ಸಿಗುವ, ಬೆಲೆ ಕಡಿಮೆಯಿರುವ ಈ ಮಾದರಿಯನ್ನು ನಕಲು ಮಾಡುವವನಿಗೆ ಹೆಚ್ಚೇನೂ ಗಿಟ್ಟುವುದಿಲ್ಲ. 1935ರ ವಾಯುರಕ್ಷಣಾ ಕಾನೂನಿನ 8ನೇ ಕಲಮಿನಡಿ ಮಾರಾಟಕ್ಕೆ ಅನುಮತಿ ಬೇಕಿದ್ದುದರಿಂದ, ಆ ಅನುಮತಿಯ ಗುರುತಾಗಿ ಒಳಬದಿಯಲ್ಲಿ ‘ಆರ್‌ಎಲ್’ (RL) ಎಂದು ಆರಂಭವಾಗುವ ಮುದ್ರೆಯನ್ನು ಹುಡುಕಬಹುದು. ಮುಂಭಾಗದ ರೆಕ್ಕೆಯ ಲಾಂಛನದಲ್ಲಿ ನಾಜಿ ಸ್ವಸ್ತಿಕವಿರುವುದರಿಂದ ಜರ್ಮನಿಯಲ್ಲಿ ಮಾರುವವರು ಅದನ್ನು ಮುಚ್ಚಿಯೇ ಇಡುತ್ತಾರೆ.

ಸೈನಿಕ ಹೆಲ್ಮೆಟಿನ ಆಕಾರದಲ್ಲಿದ್ದು ಸುತ್ತಲೂ ಉಬ್ಬುಗೆರೆಯಿರುವ ವಾಯುರಕ್ಷಣಾ ಮಾದರಿ ಗಟ್ಟಿಮುಟ್ಟಾಗಿದೆ, ಆದರೆ ನನ್ನ ಕೈಗೆ ದುಬಾರಿ.

ವರ್ಷಕ್ಕೆ ಎರಡೇ ಹೆಲ್ಮೆಟ್ ಕೊಳ್ಳುವ, ಒಂದಕ್ಕೆ 150 ಯೂರೋ ಮೀರದ, ಒಳಗಿನ ಚರ್ಮವನ್ನು ಸರಿಸಿ ಮುದ್ರೆ ಓದದೆ ದುಡ್ಡು ಕೊಡದ ನನ್ನಂಥವರಿಗೆ ಗ್ಲಾಡಿಯೇಟರ್ ಸರಿಯಾದದ್ದು. ನನ್ನ ಮೊದಲನೆಯದಕ್ಕೆ 90 ಯೂರೋ ಕೊಟ್ಟೆ. ಗಲ್ಲದ ಪಟ್ಟಿ ಇಲ್ಲ, ಚರ್ಮ ಒಣಗಿ ಬಿರುಕು ಬಿಟ್ಟಿದೆ, ಮುದ್ರೆ ಮಾತ್ರ ಇಂದಿಗೂ ಓದಲು ಬರುತ್ತದೆ.