ವಿಶ್ವವಿದ್ಯಾಲಯದ ಕಂಪ್ಯೂಟರನ್ನು ಮನೆಯಿಂದ ಬಳಸಲು ವ್ಯವಸ್ಥೆ ಮಾಡಿಕೊಡುತ್ತೇವೆ ಎನ್ನುವವರ ಬಗ್ಗೆ ಎಚ್ಚರಿಕೆ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹಳ್ಳಿಗಳಲ್ಲಿದ್ದುಕೊಂಡು ಪಿಎಚ್.ಡಿ. ಮಾಡುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಬೇಕು. ವಿಭಾಗದ ಕಂಪ್ಯೂಟರನ್ನು ಮನೆಯಿಂದಲೇ ಬಳಸುವಂತೆ ಮಾಡಿಕೊಡುವುದಾಗಿ ಹೇಳಿ ಶಿವಮೊಗ್ಗದ ಒಂದು ಕಂಪ್ಯೂಟರ್ ಅಂಗಡಿಯವರು ನನಗೆ ಬೇಕಿಲ್ಲದ್ದನ್ನು ಮಾರಿದ್ದಾರೆ, ಮಾಡದ ಕೆಲಸಕ್ಕೆ ಹಣ ಪಡೆದಿದ್ದಾರೆ, ಎಲ್ಲಕ್ಕಿಂತ ಮುಖ್ಯವಾಗಿ ನನಗೆ ಒಂದು ಮಾತೂ ಹೇಳದೆ ಆ ಕಂಪ್ಯೂಟರಿನೊಳಕ್ಕೆ ತಮ್ಮದೊಂದು ದಾರಿ ಇಟ್ಟುಕೊಂಡಿದ್ದಾರೆ. ಅಂಗಡಿಯ ಹೆಸರನ್ನು ದೂರಿನಲ್ಲಿ ಬರೆದಿದ್ದೇನೆ, ಇಲ್ಲಿ ಬರೆಯುವುದಿಲ್ಲ.

ಎಲೆಚುಕ್ಕಿ ರೋಗ ಬಂದ ಮೇಲೆ ಅಡಿಕೆ ಬೆಳೆಗಾರರ ಸಾಲದ ಪರಿಸ್ಥಿತಿ ಏನಾಯಿತು ಎಂಬುದು ನನ್ನ ಅಧ್ಯಯನದ ವಿಷಯ. ಮನೆಮನೆಗೆ ಹೋಗಿ ಕೇಳಿ ಬರೆದುಕೊಂಡ ಮಾಹಿತಿಯೆಲ್ಲ ವಿಭಾಗದ ಪ್ರಯೋಗಾಲಯದ ಕಂಪ್ಯೂಟರಿನಲ್ಲಿದೆ. ಅದನ್ನು ವಿಶ್ಲೇಷಿಸಲು ಬೇಕಾದ ಎಸ್‌ಪಿಎಸ್‌ಎಸ್ ತಂತ್ರಾಂಶದ ಪರವಾನಗಿಯೂ ಅಲ್ಲಿನ ಕಂಪ್ಯೂಟರುಗಳಿಗೆ ಮಾತ್ರ ಇದೆ. ಅಮ್ಮನಿಗೆ ಶಸ್ತ್ರಚಿಕಿತ್ಸೆಯಾದ ಮೇಲೆ ನಾನು ಹೊಸನಗರ ತಾಲ್ಲೂಕಿನ ನಗರ ಹೋಬಳಿಯ ನಮ್ಮ ಮನೆಯಲ್ಲೇ ಉಳಿಯಬೇಕಾಯಿತು. ಮಳೆಗಾಲದಲ್ಲಿ ಅಲ್ಲಿಂದ ವಿಭಾಗಕ್ಕೆ ಹೋಗಿ ಬರುವುದೆಂದರೆ ಇಡೀ ದಿನದ ಕೆಲಸ. ವಿಭಾಗದ ಕಂಪ್ಯೂಟರುಗಳ ವಾರ್ಷಿಕ ನಿರ್ವಹಣೆ ಇದೇ ಅಂಗಡಿಯವರದಾದ್ದರಿಂದ ಅವರನ್ನೇ ಕೇಳಿದೆ. ವಿಶ್ವವಿದ್ಯಾಲಯದಲ್ಲೇ ಇದಕ್ಕೆ ಏನಾದರೂ ವ್ಯವಸ್ಥೆ ಇದೆಯೇ ಎಂದೂ ಅವರನ್ನೇ ಸ್ಪಷ್ಟವಾಗಿ ಕೇಳಿದ್ದೆ. "ಅಲ್ಲಿ ಅಂಥದ್ದೇನೂ ಇಲ್ಲ ಮೇಡಂ. ಇದ್ರೂ ಪರ್ಮಿಷನ್‌ಗೆ ಆರು ತಿಂಗಳು ಓಡಾಡ್ಬೇಕು" ಎಂದರು. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಆಮೇಲೆ ನನ್ನ ಲ್ಯಾಪ್‌ಟಾಪ್ ನೋಡಿ, "ಇದ್ರಲ್ಲಿರೋದು ವಿಂಡೋಸ್ ಹೋಮ್, ಇದ್ರಲ್ಲಿ ರಿಮೋಟ್ ಆಗಲ್ಲ, ಪ್ರೊ ಹಾಕ್ಲೇಬೇಕು" ಎಂದು ಹೇಳಿ ವಿಂಡೋಸ್‌ನ ಆ ಪ್ರೊ ಆವೃತ್ತಿಗೆ 4,000 ರೂಪಾಯಿ ಪಡೆದರು. ದೂರದಿಂದ ಕಂಪ್ಯೂಟರ್ ಬಳಸಲು ಬೇಕಾದ ರಿಮೋಟ್ ತಂತ್ರಾಂಶದ ಒಂದು ವರ್ಷದ ಪರವಾನಗಿ ಮತ್ತು ಅಳವಡಿಕೆ ಎಂದು ಮತ್ತೆ 2,500 ರೂಪಾಯಿ ಪಡೆದರು. ಬಿಲ್ ಕೇಳಿದರೆ ಜಿಎಸ್‌ಟಿ ಸೇರಿ ಜಾಸ್ತಿಯಾಗುತ್ತದೆ ಎಂದರು.

ಮೊದಮೊದಲು ಕೆಲಸ ಚೆನ್ನಾಗಿಯೇ ನಡೆಯಿತು. ನಂತರ ಸಂಪರ್ಕ ಸಿಗದಾಯಿತು. ಫೋನ್ ಮಾಡಿದಾಗಲೆಲ್ಲ ಒಂದೇ ಉತ್ತರ: "ನಿಮ್ ಊರಿನ ನೆಟ್‌ವರ್ಕ್ ಸರಿ ಇಲ್ಲ ಮೇಡಂ, ನಾವೇನು ಮಾಡೋಕಾಗತ್ತೆ?" ಮಲೆನಾಡಿನವರಿಗೆ ಈ ಮಾತು ಹೇಳಿದರೆ ಮರುಪ್ರಶ್ನೆ ಬರುವುದಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ನಮ್ಮ ಮನೆಯಲ್ಲಿ ಬಿಎಸ್‌ಎನ್‌ಎಲ್ ಫೈಬರ್ ಇದೆ, ಅದೇ ಹೊತ್ತಿನಲ್ಲಿ ಬೆಂಗಳೂರಿನ ಅಕ್ಕನ ಜೊತೆ ವಿಡಿಯೋ ಕರೆಯಲ್ಲಿ ಮಾತನಾಡಿದ್ದೇನೆ ಎಂದು ಹೇಳಿದರೂ, "ವಾಟ್ಸ್ಆ್ಯಪ್ ಬೇರೆ, ಇದು ಬೇರೆ" ಎಂದರು. ಹಾಗೆ ಹೇಳಿ, ವಿಭಾಗಕ್ಕೆ ಹೋಗಿ ಸರಿಪಡಿಸುವುದಕ್ಕೆ ಪ್ರತಿ ಸಲವೂ 500 ರೂಪಾಯಿ ಭೇಟಿ ಶುಲ್ಕ ಹಾಕಿಸಿಕೊಂಡರು. ಹಣ ಹಾಕಿದ ಅರ್ಧ ಗಂಟೆಯಲ್ಲಿ ಸಂಪರ್ಕ ಬಂದುಬಿಡುತ್ತಿತ್ತು.

ಅಮ್ಮ ಸ್ವಲ್ಪ ಚೇತರಿಸಿಕೊಂಡ ಮೇಲೆ ನಾನೇ ವಿಭಾಗಕ್ಕೆ ಹೋದೆ. ಅಂಗಡಿಯವರು ಪದೇ ಪದೇ ಬಂದು ತೊಂದರೆಯಾಯಿತೇನೋ ಎಂದು ಅಟೆಂಡರ್ ಅವರನ್ನು ಕೇಳಿದಾಗ ಅವರು ಹೇಳಿದ್ದು ಇಷ್ಟು: "ಯಾರೂ ಬಂದಿಲ್ವಲ್ಲಾ ಮೇಡಂ. ಫೋನ್ ಮಾಡಿ ಬಟನ್ ಒತ್ತಿ ಅಂತಾರೆ, ನಾನೇ ಒತ್ತಿ ಆನ್ ಮಾಡ್ತೀನಿ." ನನಗೆ ಅಲ್ಲಿಯೇ ಕುಳಿತುಕೊಳ್ಳಬೇಕು ಅನ್ನಿಸಿತು. ಸ್ವಲ್ಪ ಹೊತ್ತು ಯಾರೂ ಬಳಸದೇ ಇದ್ದರೆ ಕಂಪ್ಯೂಟರ್ ತಾನಾಗಿ ಸ್ಲೀಪ್ ಸ್ಥಿತಿಗೆ ಹೋಗುತ್ತದೆ, ಹಾಗೆ ಹೋದ ಮೇಲೆ ದೂರದಿಂದ ಅದನ್ನು ತಲುಪಲಾಗುವುದಿಲ್ಲ. ಪವರ್ ಸೆಟ್ಟಿಂಗ್ಸ್‌ನಲ್ಲಿ ಸ್ಲೀಪ್ ಎಂಬುದನ್ನು ನೆವರ್ ಎಂದು ಬದಲಿಸಿದ್ದರೆ ಮುಗಿಯುತ್ತಿತ್ತು. ಅದನ್ನು ಮಾಡದೆ ಬಿಟ್ಟು, ಬೇರೆಯವರು ಬಟನ್ ಒತ್ತಿದ್ದಕ್ಕೆ ನನ್ನಿಂದ ಹಣ ಪಡೆದು, ತಪ್ಪನ್ನು ನಮ್ಮ ಊರಿನ ಮೇಲೆ ಹಾಕಿದರು.

ಅಂದೇ ವಿಶ್ವವಿದ್ಯಾಲಯದ ಗಣಕ ಕೇಂದ್ರಕ್ಕೆ ಹೋದೆ. ಅಲ್ಲಿನ ಎಂಜಿನಿಯರ್ ನನ್ನ ಮಾತನ್ನೆಲ್ಲ ಕೇಳಿ, "ನಿಮ್ಮ ಲ್ಯಾಪ್‌ಟಾಪ್‌ಗೆ ಪ್ರೊ ಯಾಕೆ ಬೇಕಿತ್ತು?" ಎಂದರು. ವಿಂಡೋಸ್‌ನದೇ ರಿಮೋಟ್ ಡೆಸ್ಕ್‌ಟಾಪ್ ಬಳಸುವುದಾದರೆ ಪ್ರೊ, ಎಂಟರ್‌ಪ್ರೈಸ್ ಅಥವಾ ಎಜುಕೇಷನ್ ಆವೃತ್ತಿ ಇರಬೇಕಾದದ್ದು ಸಂಪರ್ಕ ಸ್ವೀಕರಿಸುವ ಕಂಪ್ಯೂಟರಿನಲ್ಲಿ, ಅಂದರೆ ವಿಭಾಗದ ಕಂಪ್ಯೂಟರಿನಲ್ಲಿ. ಅಲ್ಲಿ ಮೊದಲಿನಿಂದಲೂ ಪ್ರೊ ಇತ್ತು. ಸಂಪರ್ಕಿಸುವ ಕಡೆ ಹೋಮ್ ಇದ್ದರೆ ಏನೂ ಅಡ್ಡಿಯಿಲ್ಲ. ಅದೂ ಅಲ್ಲದೆ ಅವರು ಅಳವಡಿಸಿದ್ದು ವಿಂಡೋಸ್‌ನ ಆ ಸೌಲಭ್ಯವನ್ನೇ ಅಲ್ಲ, ಬೇರೆ ಕಂಪನಿಯ ತಂತ್ರಾಂಶವನ್ನು. ಅದಕ್ಕೆ ಎರಡೂ ಕಡೆ ಯಾವ ಆವೃತ್ತಿಯಾದರೂ ನಡೆಯುತ್ತದೆ. ಒಂದು ವರ್ಷದ ಪರವಾನಗಿ ಎಂದು ಹಣ ಪಡೆದದ್ದು ಖಾಸಗಿ ಬಳಕೆಗೆಂದು ಉಚಿತವಾಗಿ ಸಿಗುವ ಆವೃತ್ತಿಗೆ. ನನ್ನ ಲ್ಯಾಪ್‌ಟಾಪ್‌ನ ಆಕ್ಟಿವೇಷನ್ ಪುಟ ತೆರೆದು ನೋಡಿದರೆ, ವಿಂಡೋಸ್ 'ನಿಮ್ಮ ಸಂಸ್ಥೆಯ' ಆಕ್ಟಿವೇಷನ್ ಸೇವೆಯಿಂದ ಸಕ್ರಿಯವಾಗಿದೆ ಎಂದಿತ್ತು. ಅದು ಕಂಪನಿ, ಕಾಲೇಜುಗಳು ಒಟ್ಟಾಗಿ ಕೊಳ್ಳುವ ಪರವಾನಗಿಯ ರೀತಿ. ನನ್ನ ಸ್ವಂತ ದುಡ್ಡಿನ ಲ್ಯಾಪ್‌ಟಾಪ್‌ಗೆ ಯಾವ ಸಂಸ್ಥೆ? ಇನ್ನು ವಿಶ್ವವಿದ್ಯಾಲಯದಲ್ಲಿ ಇಲ್ಲವೇ ಇಲ್ಲ ಎಂದಿದ್ದ ವ್ಯವಸ್ಥೆ: ಮಾರ್ಗದರ್ಶಕರ ಸಹಿಯಿರುವ ಒಂದು ಪುಟದ ಅರ್ಜಿ ಕೊಟ್ಟರೆ ವಿಪಿಎನ್ ಖಾತೆ, ಅಂದರೆ ಹೊರಗಿನಿಂದ ವಿಶ್ವವಿದ್ಯಾಲಯದ ಜಾಲದೊಳಕ್ಕೆ ಸುರಕ್ಷಿತವಾಗಿ ಬರುವ ದಾರಿ, ಉಚಿತವಾಗಿ ಸಿಗುತ್ತದೆ. ನನಗೆ ಅದೇ ವಾರ ಸಿಕ್ಕಿತು.

ಇಷ್ಟರ ತನಕದ್ದು ಹಣದ ವಿಷಯ. ಎಂಜಿನಿಯರ್ ವಿಭಾಗದ ಕಂಪ್ಯೂಟರಿನಲ್ಲಿದ್ದ ಆ ತಂತ್ರಾಂಶದ ಸಂಪರ್ಕ ದಾಖಲೆಯನ್ನು ತೆರೆದರು. ಒಳಗೆ ಬಂದವರ ಗುರುತಿನ ಸಂಖ್ಯೆ, ದಿನಾಂಕ, ಸಮಯ ಎಲ್ಲವೂ ಅದರಲ್ಲಿ ಇರುತ್ತದೆ. ನನ್ನ ಲ್ಯಾಪ್‌ಟಾಪ್‌ನ ಸಂಖ್ಯೆಯ ನಡುನಡುವೆ ಇನ್ನೊಂದು ಸಂಖ್ಯೆ ಇತ್ತು. ನಾನು ಅಮ್ಮನ ಜೊತೆ ಆಸ್ಪತ್ರೆಯಲ್ಲಿದ್ದು ಲ್ಯಾಪ್‌ಟಾಪ್ ಮುಟ್ಟದೇ ಇದ್ದ ದಿನಗಳಲ್ಲೂ ಅದು ಪಾಸ್‌ವರ್ಡ್ ಹಾಕಿ ಒಳಗೆ ಬಂದಿತ್ತು. ಆ ಕಂಪ್ಯೂಟರಿನಲ್ಲಿ ಯಾವ ಮನೆಯವರು ಸೊಸೈಟಿಯಲ್ಲಿ ಎಷ್ಟು ಸಾಲ ಮಾಡಿದ್ದಾರೆ, ಯಾರ ಒಡವೆ ಅಡವಿನಲ್ಲಿದೆ ಎಂಬುದೆಲ್ಲ ಇದೆ. ಬೇರೆ ಯಾರಿಗೂ ತಿಳಿಯುವುದಿಲ್ಲ ಎಂದು ನಾನು ಮಾತು ಕೊಟ್ಟ ಮೇಲೆ ಜನ ಹೇಳಿದ್ದು ಅದು.

ಅಲ್ಲಿಂದಲೇ ಫೋನ್ ಮಾಡಿದೆ. ಆ ಸಂಖ್ಯೆ ಯಾರದು ಎಂದು ಕೇಳಿದೆ. "ಅದು ನಮ್ ಸರ್ವಿಸ್ ಐಡಿ ಮೇಡಂ, ಎಲ್ಲಾ ಕಸ್ಟಮರ್ ಸಿಸ್ಟಮ್‌ನಲ್ಲೂ ಇಟ್ಟಿರ್ತೀವಿ." ನನ್ನನ್ನು ಕೇಳದೆ ಏಕೆ ಇಟ್ಟಿರಿ ಎಂದೆ. "ಕೇಳೋದೇನಿದೆ, ನಿಮ್ ಒಳ್ಳೇದಕ್ಕೇ ಅಲ್ವಾ?" ನಾನು ಆಸ್ಪತ್ರೆಯಲ್ಲಿದ್ದ ದಿನ ಒಳಗೆ ಏನು ಮಾಡುತ್ತಿದ್ದಿರಿ ಎಂದೆ. ಸ್ವಲ್ಪ ಹೊತ್ತು ಮಾತಿಲ್ಲ. "ಹುಡುಗ್ರು ಯಾರಾದ್ರೂ ಅಪ್‌ಡೇಟ್ ಹಾಕೋಕೆ ಬಂದಿರ್ತಾರೆ." ಹುಡುಗರು! ಅಂದರೆ ಆ ಪಾಸ್‌ವರ್ಡ್ ಅಂಗಡಿಯಲ್ಲಿ ಎಷ್ಟು ಜನರಿಗೆ ಗೊತ್ತಿದೆಯೋ ಅವರಿಗೇ ತಿಳಿದಿಲ್ಲ. ಭೇಟಿ ಶುಲ್ಕದ ಬಗ್ಗೆ ಕೇಳಿದರೆ, "ಆನ್‌ಲೈನ್ ವಿಸಿಟ್ ಕೂಡ ವಿಸಿಟೇ ಮೇಡಂ" ಎಂಬ ಉತ್ತರ ಬಂತು. ಕೊನೆಗೆ ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 43 ಮತ್ತು 66ನೇ ಸೆಕ್ಷನ್‌ಗಳ ಹೆಸರು ಹೇಳಿದಾಗ ಮಾತ್ರ ಧಾಟಿ ಬದಲಾಯಿತು: "ಸಣ್ಣ ವಿಷಯ ಮೇಡಂ, ಓದಿದೋರು ನೀವು, ಇದನ್ನ ದೊಡ್ಡದು ಮಾಡ್ಬೇಡಿ. ಐನೂರು ರೂಪಾಯಿ ವಾಪಸ್ ಹಾಕ್ತೀನಿ." ಜನರ ಸಾಲದ ಲೆಕ್ಕ ಇವರಿಗೆ ಸಣ್ಣ ವಿಷಯ. ಅನುಮತಿ ಇಲ್ಲದೆ ದುರುದ್ದೇಶದಿಂದ ಬೇರೆಯವರ ಕಂಪ್ಯೂಟರಿಗೆ ನುಗ್ಗಿದರೆ ಮೂರು ವರ್ಷದವರೆಗೆ ಜೈಲು ಅಥವಾ 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು ಎಂಬುದು ಅವರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ.

ಸಂಪರ್ಕ ದಾಖಲೆಯ ಪ್ರತಿ, ಹಣ ಹಾಕಿದ ವಿವರ ಮತ್ತು ಅವರ ಸಂದೇಶಗಳನ್ನು ಸೇರಿಸಿ ಶಿವಮೊಗ್ಗದ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕ ವಸ್ತು ಅಪರಾಧಗಳ) ಪೊಲೀಸ್ ಠಾಣೆಗೂ ಕುಲಸಚಿವರಿಗೂ ದೂರು ಕೊಟ್ಟಿದ್ದೇನೆ. ಹಣ ಇನ್ನೂ ವಾಪಸಾಗಿಲ್ಲ.

ನಿಮಗೆ ಇಂಥ ವ್ಯವಸ್ಥೆ ಬೇಕಿದ್ದರೆ ಗಣಕ ಕೇಂದ್ರಕ್ಕೆ ನೇರವಾಗಿ ಬರವಣಿಗೆಯಲ್ಲಿ ಅರ್ಜಿ ಕೊಡಿ, ಹೊರಗಿನವರ ಬಾಯಿಮಾತನ್ನು ನಂಬಬೇಡಿ. ವಿಪಿಎನ್ ಇಲ್ಲದೆ ರೂಟರ್‌ನಲ್ಲಿ 3389ನೇ ಪೋರ್ಟ್ (ರಿಮೋಟ್ ಡೆಸ್ಕ್‌ಟಾಪ್ ಬಳಸುವ ಬಾಗಿಲು) ತೆರೆದುಕೊಡುತ್ತೇವೆ ಎನ್ನುವವರನ್ನು ಅಲ್ಲಿಗೇ ನಿಲ್ಲಿಸಿ. ಅದು ಜಗತ್ತಿನಲ್ಲಿ ಯಾರು ಬೇಕಾದರೂ ಬಂದು ಪಾಸ್‌ವರ್ಡ್ ಪ್ರಯತ್ನಿಸುವಂತೆ ಕಂಪ್ಯೂಟರನ್ನು ತೆರೆದಿಟ್ಟಂತೆ. ನೆಟ್‌ವರ್ಕ್ ಸರಿಯಿಲ್ಲ ಎಂದವರಿಗೆ ಹಣ ಹಾಕುವ ಮೊದಲು ಆ ಕಂಪ್ಯೂಟರ್ ಚಾಲೂ ಇದೆಯೇ ಎಂದು ವಿಭಾಗದಲ್ಲಿ ಯಾರನ್ನಾದರೂ ಕೇಳಿ. ಇದೇ ಅಂಗಡಿಯವರು ಬೇರೆ ಕಾಲೇಜುಗಳ ನಿರ್ವಹಣೆಯನ್ನೂ ನೋಡಿಕೊಳ್ಳುತ್ತಾರೆ, ಎಲ್ಲರ ಕಂಪ್ಯೂಟರಿನಲ್ಲೂ ತಮ್ಮ ಐಡಿ ಇದೆ ಎಂದು ಅವರ ಬಾಯಿಂದಲೇ ಕೇಳಿದ್ದೇನೆ. ಆದ್ದರಿಂದ ನಿಮ್ಮ ಕಂಪ್ಯೂಟರಿನಲ್ಲಿ ಯಾರಾದರೂ ರಿಮೋಟ್ ತಂತ್ರಾಂಶ ಹಾಕಿಕೊಟ್ಟಿದ್ದರೆ ಅದರ ಸೆಕ್ಯುರಿಟಿ ಪುಟವನ್ನು ಇಂದೇ ತೆರೆದು ನೋಡಿ, ಗೊತ್ತಿಲ್ಲದ ಸಂಖ್ಯೆಗಳ ಚಿತ್ರ ತೆಗೆದಿಟ್ಟುಕೊಂಡು ಅವುಗಳನ್ನು ಅಳಿಸಿ, ಅವರು ಇಟ್ಟ ಪಾಸ್‌ವರ್ಡನ್ನು ಬದಲಿಸಿ.